ಬಿಳಿ ಕ್ಯಾನಿನಲ್ಲಿ ಇಟ್ಟ ಔಷಧಿ ಎಲ್ಲಿಂದ ಸೋರುತ್ತದೆ?

ಐದು ಲೀಟರಿನ ಕ್ಯಾನ್ ತಂದು ಇಬ್ಬರು ಹಂಚಿಕೊಂಡು, ತಮ್ಮ ಪಾಲಿನ ಕೀಟನಾಶಕ ಕ್ಲೋರೋಪೈರಿಫಾಸನ್ನು ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ಬಗ್ಗಿಸಿ ಇಟ್ಟುಕೊಳ್ಳುವುದು ಹಳ್ಳಿಗಳಲ್ಲಿ ಮಾಮೂಲು. ಒಂದು ಬೇಸಿಗೆ ಕಳೆದ ಮೇಲೆ ಆ ಕ್ಯಾನನ್ನು ನೋಡಿ. ಮುಚ್ಚಳ ಬಿಗಿಯಾಗಿಯೇ ಇದೆ, ಎಲ್ಲೂ ತೂತಿಲ್ಲ. ಆದರೆ ಪಕ್ಕೆಗಳು ಒಳಕ್ಕೆ ಕುಸಿದಿವೆ. ಹೆಸರು ಬರೆದು ಅಂಟಿಸಿದ ಚೀಟಿಯ ಅಂಚು ಎದ್ದಿದೆ, ಪೆನ್ನಿನ ಶಾಯಿ ಹರಡಿ ಅಕ್ಷರ ಮಸುಕಾಗಿದೆ. ಮುಚ್ಚಳ ತಿರುಗಿಸಿದರೆ ಸುಯ್ ಎಂದು ಗಾಳಿ ಒಳಕ್ಕೆ ಹೋಗುತ್ತದೆ. ಇಲ್ಲಿ ಸೋರಿದ್ದು ಬಾಯಿಂದಲ್ಲ, ಗೋಡೆಯಿಂದ.

ಬಿಳಿ ಕ್ಯಾನುಗಳು ಸಾಮಾನ್ಯವಾಗಿ ಎಚ್‌ಡಿಪಿಇ ಪ್ಲಾಸ್ಟಿಕ್. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇರುತ್ತದೆ. ನೀರನ್ನು ಇದು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಕ್ಲೋರೋಪೈರಿಫಾಸಿನಂತೆ ಲೇಬಲ್ಲಿನಲ್ಲಿ ‘ಇಸಿ’ (ನೀರಿಗೆ ಹಾಕಿದರೆ ಹಾಲಿನಂತೆ ಬೆರೆಯುವ ದ್ರವ) ಎಂದಿರುವ ಔಷಧಿಗಳಲ್ಲಿ ನೀರಿರುವುದಿಲ್ಲ, ವಿಷ ಕರಗಿರುವುದು ಜೈಲೀನ್ ಅಥವಾ ಅದರ ಜಾತಿಯ ಪೆಟ್ರೋಲಿಯಂ ದ್ರಾವಕದಲ್ಲಿ. ಎಚ್‌ಡಿಪಿಇಯ ಸ್ವಭಾವವೂ ಅದೇ, ನೀರಿಗೆ ಒಗ್ಗದೆ ಎಣ್ಣೆಯಂಥ ದ್ರವಕ್ಕೆ ಒಗ್ಗುತ್ತದೆ. ಹಾಗಾಗಿ ದ್ರಾವಕ ಮೊದಲು ಒಳಗೋಡೆಯಲ್ಲಿ ಇಂಗುತ್ತದೆ, ನಿಧಾನವಾಗಿ ಅದರೊಳಗೇ ಹೊರಮೈವರೆಗೆ ಸರಿಯುತ್ತದೆ, ಕೊನೆಗೆ ಆವಿಯಾಗಿ ಗಾಳಿ ಸೇರುತ್ತದೆ. ಇದಕ್ಕೆ ತೂತು ಬೇಕಿಲ್ಲ. ಹೊರಗೆ ಹೋದಷ್ಟು ಬೇಗ ಗಾಳಿ ಒಳಗೆ ಬರದ ಕಾರಣ ಒಳಗಿನ ಒತ್ತಡ ಇಳಿಯುತ್ತದೆ. ದ್ರಾವಕ ಹೀರಿದ ಗೋಡೆ ಮೆತ್ತಗೂ ಆಗಿರುವುದರಿಂದ ಪಕ್ಕೆ ಕುಸಿಯುತ್ತದೆ. ವಿಷದ ಕಣಗಳು ದೊಡ್ಡವು, ಅಷ್ಟು ಬೇಗ ದಾಟುವುದಿಲ್ಲ. ಆದರೂ ಸ್ವಲ್ಪ ಭಾಗ ದ್ರಾವಕದ ಜೊತೆ ಗೋಡೆ ಸೇರಿ ಅಲ್ಲೇ ಉಳಿಯುತ್ತದೆ. ಕ್ಯಾನಿನ ಹೊರಮೈಯ ಜಿಡ್ಡನ್ನು ಬರಿಗೈಯಲ್ಲಿ ಒರೆಸಬಾರದು ಎನ್ನುವುದು ಇದಕ್ಕೇ.

ಗೋಡೆ ಅರ್ಧ ತೆಳುವಾದರೆ ಸೋರಿಕೆಯ ವೇಗ ಎರಡು ಪಟ್ಟು. ದ್ರಾವಕ ಹೊರಮೈಗೆ ಮೊದಲ ಸಲ ಮುಟ್ಟಲು ಬೇಕಾದ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ಶಾಖ ಇನ್ನೂ ಕೆಟ್ಟದ್ದು. 10 ಡಿಗ್ರಿ ಏರಿದರೆ ವೇಗ ಸುಮಾರು ದುಪ್ಪಟ್ಟು ಎಂದು ಲೆಕ್ಕ ಇಟ್ಟುಕೊಳ್ಳಿ. ಔಷಧಿ ಎರಡು ವರ್ಷ ಕೆಡದೆ ಉಳಿಯುತ್ತದೆಯೇ ಎಂದು ಬೇಗ ತಿಳಿಯಲು ಪ್ರಯೋಗಾಲಯದವರು ಅದನ್ನು 54 ಡಿಗ್ರಿಯಲ್ಲಿ 14 ದಿನ ಇಡುತ್ತಾರೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಚಾವಣಿಗೆ ತಾಗಿದ ಅಟ್ಟ ಆ ಪ್ರಯೋಗಾಲಯಕ್ಕೆ ಬಹಳ ದೂರವಿಲ್ಲ.

ಕಂಪನಿಯವರಿಗೆ ಇದೆಲ್ಲ ಗೊತ್ತು. ಅದಕ್ಕೇ ಇಸಿ ಔಷಧಿಗಳನ್ನು ಪೆಟ್ ಬಾಟಲಿ, ಅಲ್ಯೂಮಿನಿಯಂ ಬಾಟಲಿ, ಒಳಗೆ ನೈಲಾನ್ ಪದರ ಕೂರಿಸಿದ ಬಾಟಲಿ, ಇಲ್ಲವೇ ಫ್ಲೋರಿನ್ ಅನಿಲದಿಂದ ಒಳಮೈ ಗಟ್ಟಿಮಾಡಿದ ಎಚ್‌ಡಿಪಿಇಯಲ್ಲಿ ತುಂಬುತ್ತಾರೆ. ಬೇರೆ ಕ್ಯಾನಿಗೆ ಬಗ್ಗಿಸಿದ ಗಳಿಗೆಯಲ್ಲೇ ಈ ತಡೆಗೋಡೆ ಹೋಯಿತು, ಜೊತೆಗೆ ಲೇಬಲ್ಲೂ ಹೋಯಿತು. ಹಂಚಿಕೊಳ್ಳಲೇಬೇಕಿದ್ದರೆ ಸಣ್ಣ ಬಾಟಲಿಗಳನ್ನೇ ಕೊಳ್ಳಿ. ಲೀಟರಿಗೆ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ.

‘ಎಸ್‌ಎಲ್’, ‘ಎಸ್‌ಸಿ’ ಎಂದಿರುವವು ಹೆಚ್ಚಾಗಿ ನೀರಿನಲ್ಲಿ ತಯಾರಾದವು; ಅವುಗಳ ಕಾಟ ಬೇರೆ. ಅವುಗಳಲ್ಲಿನ ಸೋಪಿನಂಥ ಅಂಶ, ಎಳೆತಕ್ಕೆ ಸಿಕ್ಕ ಪ್ಲಾಸ್ಟಿಕ್ಕನ್ನು ಕೂದಲೆಳೆಯಷ್ಟು ಸಣ್ಣದಾಗಿ ಬಿರುಕು ಬಿಡಿಸುತ್ತದೆ. ಬಿರುಕು ಹುಡುಕಬೇಕಾದ್ದು ಹಿಡಿಕೆಯ ಬುಡ, ಹೆಗಲಿನ ತಿರುವು, ತಳದ ಅಂಚಿನಲ್ಲಿ. ಒಂದರ ಮೇಲೊಂದು ಕ್ಯಾನ್ ಪೇರಿಸಿದರೆ ಕೆಳಗಿನದು ಹೀಗೆ ಹೋಗುತ್ತದೆ.

ಪಕ್ಕೆ ಕುಸಿದ ಮಾತ್ರಕ್ಕೆ ಸೋರಿದೆ ಎನ್ನುವಂತಿಲ್ಲ. ಮುಂಜಾನೆ ಕುಸಿದು ಮಧ್ಯಾಹ್ನ ಸರಿಹೋದರೆ ಅದು ಒಳಗಿನ ಗಾಳಿ ತಂಪಿಗೆ ಕುಗ್ಗಿದ್ದು. ಚಿಕ್ಕಮಗಳೂರಿನಲ್ಲಿ ಬಿಗಿದ ಅರ್ಧ ಖಾಲಿ ಕ್ಯಾನ್ ಘಟ್ಟ ಇಳಿದು ಮಂಗಳೂರು ಸೇರಿದರೂ ಕುಸಿಯುತ್ತದೆ, ಕೆಳಗೆ ಗಾಳಿಯ ಒತ್ತಡ ಹೆಚ್ಚು. ಖಚಿತವಾಗಬೇಕಿದ್ದರೆ ತೂಕ ನೋಡಿ. 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು, ಅಡುಗೆಮನೆಯದು ಮಾತ್ರ ಬೇಡ. ಕ್ಯಾನನ್ನು ಮುಚ್ಚಳ ಸಮೇತ ತೂಗಿ, ತೂಕ ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದು, ಕೆಳಗೆ ಹಳೆ ಪತ್ರಿಕೆ ಹಾಸಿ ನೆಟ್ಟಗೆ ನಿಲ್ಲಿಸಿ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ತೂಗಿ. ತೂಕ ಒಂದೇ ಸಮನೆ ಇಳಿಯುತ್ತಿದ್ದು, ಕತ್ತಿನ ಕೆಳಗೆ ಹನಿ ಇಳಿದ ಗೆರೆಯಾಗಲಿ ಪತ್ರಿಕೆಯಲ್ಲಿ ಕಲೆಯಾಗಲಿ ಇಲ್ಲದಿದ್ದರೆ ಗೋಡೆಯ ಮೇಲೇ ಅನುಮಾನ. ಗೆರೆ ಕಂಡರೆ ಮುಚ್ಚಳದ ಒಳಬಿಲ್ಲೆ ಉಬ್ಬಿ ಹಾಳಾಗಿರಬಹುದು.

ಹೋಗಿದ್ದು ದ್ರಾವಕ, ಉಳಿದಿದ್ದು ವಿಷ. ಒಂದು ಕಿಲೋ 20 ಇಸಿಯಲ್ಲಿ 200 ಗ್ರಾಂ ವಿಷ. 100 ಗ್ರಾಂ ದ್ರಾವಕ ಹಾರಿಹೋದರೆ ಉಳಿದ 900 ಗ್ರಾಂನಲ್ಲೂ ಅದೇ 200 ಗ್ರಾಂ, ಅಂದರೆ ನೂರಕ್ಕೆ 22. ಲೀಟರಿಗೆ 2 ಮಿ.ಲೀ. ಎಂದು ಅಳೆದು ಹಾಕಿದರೂ ಬೆಳೆಗೆ ಬೀಳುವುದು ಹೆಚ್ಚು. ಅದಕ್ಕಿಂತ ತಲೆನೋವೆಂದರೆ ಔಷಧಿ ನೀರಿನಲ್ಲಿ ಸರಿಯಾಗಿ ಬೆರೆಯದಿರುವುದು. ಕೈಗವಸು ಹಾಕಿ, ಹೊರಗೆ ಬಯಲಲ್ಲಿ, ಇದಕ್ಕೆಂದೇ ಇಟ್ಟ ಗಾಜಿನ ಲೋಟದಲ್ಲಿ ಸಿಂಪಡಣೆಗೆ ಬಳಸುವ ನೀರನ್ನೇ 100 ಮಿ.ಲೀ. ತೆಗೆದುಕೊಂಡು 2 ಮಿ.ಲೀ. ಔಷಧಿ ಹಾಕಿ ಕಲಕಿ. ಹಾಲಿನಂತೆ ಬಿಳುಪಾಗಿ ಒಂದು ಗಂಟೆ ಹಾಗೇ ನಿಂತರೆ ಸರಿ. ಮೇಲೆ ಕೆನೆ ಕಟ್ಟಿದರೆ, ಎಣ್ಣೆಯ ಕಣ್ಣುಗಳು ತೇಲಿದರೆ, ತಳದಲ್ಲಿ ಹರಳು ಕೂತರೆ ಆ ಕ್ಯಾನನ್ನು ಬಳಸಬೇಡಿ. ಸೀಮೆಎಣ್ಣೆ ಬೆರೆಸಿ ಸರಿಮಾಡುವ ಉಪಾಯವಂತೂ ಬೇಡವೇ ಬೇಡ. ತೂಕ ನೂರಕ್ಕೆ ಐದಕ್ಕಿಂತ ಹೆಚ್ಚು ಇಳಿದಿದ್ದರೆ, ಲೋಟದಲ್ಲಿ ಚೆನ್ನಾಗಿ ಬೆರೆತರೂ ಕೈಬಿಡುವುದು ಲೇಸು. ಚರಂಡಿಗೆ ಸುರಿಯದೆ, ಮಾರಿದ ಅಂಗಡಿಯವರನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ಕೇಳಿ.

ಅಲ್ಲಿಯವರೆಗೆ ಜಿನುಗುವ ಕ್ಯಾನನ್ನು ಮುಚ್ಚಳವಿರುವ ದೊಡ್ಡ ಬಕೆಟ್ಟಿನಲ್ಲಿ ನೆಟ್ಟಗೆ ಇಟ್ಟು, ಸುತ್ತ ಒಣ ಮರಳು ತುಂಬಿ, ಬಕೆಟ್ಟಿನ ಮೇಲೆ ಔಷಧಿಯ ಹೆಸರು ಬರೆಯಿರಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ನೀರು ಹೊಯ್ಯಬೇಡಿ. ಒಣ ಮಣ್ಣು ಹಾಕಿ ಹೀರಿಸಿ ಬಾಚಿ ತೆಗೆಯಿರಿ. ಕೈಗೆ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡರೆ ಪ್ರಯೋಜನವಿಲ್ಲ, ಅದೂ ಪಾಲಿಥೀನೇ, ಕ್ಯಾನಿಗಿಂತ ಎಷ್ಟೋ ಪಟ್ಟು ತೆಳು. ದಪ್ಪ ನೈಟ್ರೈಲ್ ಕೈಗವಸು ಬೇಕು.

ಕಳೆನಾಶಕ 2,4-ಡಿ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ಈಥೈಲ್ ಎಸ್ಟರ್ 38 ಇಸಿ ಆವಿಯಾಗುವ ಸ್ವಭಾವದ್ದು. ಬೀಜದ ಚೀಲ, ಗೊಬ್ಬರ, ಬೇರೆ ಔಷಧಿಗಳ ಪಕ್ಕ ಇಟ್ಟರೆ ಅವುಗಳಿಗೂ ಅಂಟುತ್ತದೆ. ಸ್ಪ್ರೇಯರಿನ ಪ್ಲಾಸ್ಟಿಕ್ ಟ್ಯಾಂಕು, ರಬ್ಬರ್ ಪೈಪು ಕೂಡ ಅದನ್ನು ಹೀರಿಟ್ಟುಕೊಂಡು ಮುಂದಿನ ಸಿಂಪಡಣೆಯಲ್ಲಿ ಬಿಡುತ್ತವೆ. ಹತ್ತಿ, ಟೊಮೆಟೊ, ದ್ರಾಕ್ಷಿಯ ಎಲೆ ಮುರುಟಿಕೊಳ್ಳಲು ಅಷ್ಟು ಸಾಕು. ಇದಕ್ಕೆ ಬೇರೆಯೇ ಸ್ಪ್ರೇಯರ್ ಇಡಿ.

ಖಾಲಿಯಾದ ಕ್ಯಾನನ್ನು ಔಷಧಿ ಒಣಗುವ ಮುಂಚೆ ಅಲ್ಲೇ ತೊಳೆಯಿರಿ. ಧಾರೆ ನಿಂತು ಹನಿ ಶುರುವಾದ ಮೇಲೂ 30 ಸೆಕೆಂಡ್ ಬಗ್ಗಿಸಿ ಹಿಡಿಯಿರಿ. ಕಾಲು ಭಾಗ ನೀರು ಹಾಕಿ, ಮುಚ್ಚಿ, 30 ಸೆಕೆಂಡ್ ಅಲುಗಾಡಿಸಿ, ಆ ನೀರನ್ನು ಸ್ಪ್ರೇಯರಿಗೇ ಸುರಿಯಿರಿ. ಹೀಗೆ ಮೂರು ಸಲ. ಇಷ್ಟಾದರೂ ತೊಳೆದುಹೋಗುವುದು ಮೇಲ್ಮೈಯದು ಮಾತ್ರ. ಗೋಡೆಯೊಳಗೆ ಇಂಗಿದ್ದು ಅಲ್ಲೇ ಇರುತ್ತದೆ, ಮುಂದೆ ಅದರಲ್ಲಿ ತುಂಬಿದ ನೀರಿಗೋ ಎಣ್ಣೆಗೋ ದಿನಗಟ್ಟಲೆ ಬಿಡುತ್ತಲೇ ಹೋಗುತ್ತದೆ. ಸೋಪು, ಹುಣಸೆಹಣ್ಣು, ಬಿಸಿನೀರು ಯಾವುದೂ ಅದನ್ನು ಪೂರ್ತಿ ತೆಗೆಯದು. 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬ ಮರುಬಳಕೆಯಾಗದಂತೆ ಒಡೆಯಬೇಕು ಎನ್ನುತ್ತವೆ. ತಳಕ್ಕೆ ಮೊಳೆಯಿಂದ ಮೂರ್ನಾಲ್ಕು ತೂತು ಹೊಡೆದು, ಕುಡುಗೋಲಿನಿಂದ ಪಕ್ಕೆಯನ್ನೂ ಸೀಳಿಬಿಡಿ.