ಭೂತಾನ್, ಮಾಲ್ದೀವ್ಸ್: ಎರಡು ಖಜಾನೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬಗೆ

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ನಿವೃತ್ತಿಯಾದ ಮೇಲೆ ಸಣ್ಣ ದೇಶಗಳ ಡಾಲರ್ ಲೆಕ್ಕ ನೋಡುವ ಗೀಳು ಹತ್ತಿತು. ಮೊದಲ ಸಲ ಭೂತಾನ್ ಮತ್ತು ಮಾಲ್ದೀವ್ಸ್‌ನ ವಿದೇಶಿ ವಿನಿಮಯ ಮೀಸಲನ್ನು, ಅಂದರೆ ಆಮದಿಗೆ, ಸಾಲಕ್ಕೆ ಎಂದು ದೇಶ ಕೂಡಿಟ್ಟ ಹೊರದೇಶದ ಹಣವನ್ನು, ಒಂದೇ ಗ್ರಾಫಿನಲ್ಲಿ ಎಳೆದು, ‘ನೋಡು, ಭೂತಾನಿನ ಗೆರೆ ಮೇಲಿದೆ, ಅದೇ ಗಟ್ಟಿ’ ಎಂದು ಮಗಳಿಗೆ ತೋರಿಸಿದೆ. ‘ಎರಡೂ ಡಾಲರೇನಾ ಅಪ್ಪ?’ ಎಂದಳು. ಅಲ್ಲಿಗೆ ಆ ಗ್ರಾಫಿನ ಕಥೆ ಮುಗಿಯಿತು.

ವರ್ಷದ ಅಂಕಿ ಸಾಕೆನ್ನುವವರಿಗೆ ವಿಶ್ವಬ್ಯಾಂಕಿನ ಜಾಲತಾಣವಿದೆ. ತಿಂಗಳ ಅಂಕಿ ಬೇಕಾದರೆ ಮಾಲ್ದೀವ್ಸ್ ಮಾನಿಟರಿ ಅಥಾರಿಟಿ, ಭೂತಾನಿನ ರಾಯಲ್ ಮಾನಿಟರಿ ಅಥಾರಿಟಿಗಳ ವರದಿಗೇ ಹೋಗಬೇಕು; ಇವು ಆ ದೇಶಗಳ ಕೇಂದ್ರ ಬ್ಯಾಂಕುಗಳು. ಭೂತಾನಿನ ಹಣಕಾಸು ವರ್ಷ ಜುಲೈಗೆ ಶುರುವಾಗುತ್ತದೆ. ಅದರ ಜೂನ್ ಅಂಕಿಯ ಪಕ್ಕ ಮಾಲ್ದೀವ್ಸ್‌ನ ಡಿಸೆಂಬರ್ ಅಂಕಿ ಇಟ್ಟರೆ ಲೆಕ್ಕ ಕೆಟ್ಟ ಹಾಗೇ. ಅದೂ ಅಲ್ಲದೆ ಈ ಎರಡು ದೇಶಗಳ ಸುಗ್ಗಿ ತದ್ವಿರುದ್ಧ. ಭೂತಾನ್ ಮಳೆಗಾಲದಲ್ಲಿ ಭಾರತಕ್ಕೆ ಜಲವಿದ್ಯುತ್ ಮಾರುತ್ತದೆ, ಚಳಿಗಾಲದಲ್ಲಿ ನದಿ ಇಳಿದಾಗ ತಾನೇ ಕೊಳ್ಳುತ್ತದೆ. ಮಾಲ್ದೀವ್ಸ್‌ಗೆ ಪ್ರವಾಸಿಗರು ಕಿಕ್ಕಿರಿಯುವುದು ಆ ಚಳಿಗಾಲದಲ್ಲೇ. ಹಾಗಾಗಿ ಈ ಆಗಸ್ಟನ್ನು ಹೋದ ಆಗಸ್ಟಿನ ಜೊತೆ ಹೋಲಿಸಿ, ಜುಲೈ ಜೊತೆ ಬೇಡ.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಭೂತಾನಿನ ಹಣವಾದ ನ್ಗುಲ್ಟ್ರಮ್ ಭಾರತದ ರೂಪಾಯಿಗೆ ಒಂದಕ್ಕೊಂದರಂತೆ ಕಟ್ಟಿಕೊಂಡಿದೆ. ವ್ಯಾಪಾರ ಬಹುಪಾಲು ಭಾರತದ ಜೊತೆಗೇ ಆದ್ದರಿಂದ ಮೀಸಲಿನಲ್ಲಿ ಡಾಲರಿನ ಜೊತೆ ರೂಪಾಯಿಯೂ ಇರುತ್ತದೆ. 2021ರ ಕೊನೆಗೆ ಡಾಲರಿಗೆ ಸುಮಾರು 74 ರೂಪಾಯಿ ಇತ್ತು, 2022ರ ಕೊನೆಗೆ 82 ದಾಟಿತ್ತು. ಒಂದು ದೇಶ 7,400 ಕೋಟಿ ರೂಪಾಯಿ ಇಟ್ಟುಕೊಂಡು ಒಂದು ಪೈಸೆಯನ್ನೂ ಮುಟ್ಟಲಿಲ್ಲ ಎನ್ನಿ. ಮೊದಲು 100 ಕೋಟಿ ಡಾಲರ್ ಎಂದು ಕಂಡದ್ದು ವರ್ಷ ಕಳೆಯುವಷ್ಟರಲ್ಲಿ 90 ಕೋಟಿಯಾಗಿರುತ್ತದೆ. ಗ್ರಾಫಿನಲ್ಲಿ ಹತ್ತು ಕೋಟಿ ‘ಖರ್ಚಾಗಿದೆ’, ಖಜಾನೆಯಿಂದ ಏನೂ ಹೋಗಿಲ್ಲ. ಅದಕ್ಕೇ ನಾನು ರೂಪಾಯಿ ಭಾಗಕ್ಕೂ ಡಾಲರ್ ಭಾಗಕ್ಕೂ ಎಕ್ಸೆಲ್‌ನಲ್ಲಿ ಬೇರೆ ಬೇರೆ ಕಾಲಂ ಇಡುತ್ತೇನೆ.

ಮಾಲ್ದೀವ್ಸ್ ಕಡೆಯ ತೊಡಕು ಬೇರೆ. ಅಲ್ಲಿ ಎರಡು ಅಂಕಿ ಸಿಗುತ್ತವೆ: ಒಟ್ಟು ಮೀಸಲು, ಬಳಸಬಹುದಾದ ಮೀಸಲು. ಒಟ್ಟಿನಲ್ಲಿ ಅಲ್ಲಿನ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಟ್ಟ ಡಾಲರೂ ಸೇರಿರುತ್ತದೆ, ಅಂದರೆ ಮಂದಿಯ ದುಡ್ಡು. 2024ರ ಮಧ್ಯದಲ್ಲಿ ಒಟ್ಟು ಮೀಸಲು ಸುಮಾರು 40 ಕೋಟಿ ಡಾಲರ್ ಇದ್ದಾಗ ಕೈಗೆ ಸಿಗುವಂಥದ್ದು 5 ಕೋಟಿಗೂ ಕಡಿಮೆ ಇತ್ತು. ಒಟ್ಟು ಅಂಕಿಯೊಂದನ್ನೇ ನೋಡಿ ನೆಮ್ಮದಿಯಿಂದ ಮಲಗಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಇಷ್ಟಾದ ಮೇಲೆ ಹೋಲಿಕೆ. ಕೋಟಿಗೆ ಕೋಟಿ ಹಿಡಿದು ನೋಡಬೇಡಿ. ಶುರುವಿನ ತಿಂಗಳನ್ನು 100 ಎಂದಿಟ್ಟುಕೊಂಡು ಮುಂದಿನದನ್ನೆಲ್ಲ ಅದಕ್ಕೆ ಹೊಂದಿಸಿ. ಭೂತಾನಿನ ಮೀಸಲು 2021ರ ಏಪ್ರಿಲ್‌ನಲ್ಲಿ 146 ಕೋಟಿ ಡಾಲರ್ ಇದ್ದದ್ದು ಡಿಸೆಂಬರ್ ಕೊನೆಗೆ 97 ಕೋಟಿಗೆ ಬಂತು. 97 ಭಾಗಿಸು 146, ಅಂದರೆ ನೂರಕ್ಕೆ 66. ಎಂಟು ತಿಂಗಳಲ್ಲಿ ಮೂರರಲ್ಲೊಂದು ಪಾಲು ಕರಗಿದೆ. ಪಕ್ಕದಲ್ಲಿ ಇನ್ನೊಂದು ಗೆರೆ, ಎಷ್ಟು ತಿಂಗಳ ಆಮದಿಗೆ ಸಾಕು ಎಂಬುದು. ಮೂರು ತಿಂಗಳು ಎನ್ನುವುದು ಹಳೆಯ ರೂಢಿ. ಆದರೆ ಭೂತಾನ್ ತನ್ನ ಸಂವಿಧಾನದಲ್ಲೇ, ಕನಿಷ್ಠ ಒಂದು ವರ್ಷದ ಅಗತ್ಯ ಆಮದಿಗೆ ಸಾಲುವಷ್ಟು ಇರಲೇಬೇಕು ಎಂದು ಬರೆದುಕೊಂಡಿದೆ. ‘ಅಗತ್ಯ’ ಎಂಬ ಪದ ಗಮನಿಸಿ. ಕಾರು ಅದರಲ್ಲಿ ಬರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಕೆಲಸಕ್ಕೆ ಬೇಕಾದ ಕೆಲವು ಬಗೆಗಳನ್ನು ಬಿಟ್ಟು ವಾಹನಗಳ ಆಮದನ್ನೇ ನಿಲ್ಲಿಸಿದರು.

ಇಂಥವನ್ನೆಲ್ಲ ಗ್ರಾಫಿನ ಮೇಲೆ ತಾರೀಖು ಹಾಕಿ ಗುರುತು ಮಾಡಿ. 2021ರ ಆಗಸ್ಟ್‌ನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ತನ್ನ ಎಲ್ಲ ಸದಸ್ಯರಿಗೆ, ಡಾಲರಿನಂಥ ಹಣಕ್ಕೆ ಬದಲಾಯಿಸಿಕೊಳ್ಳಬಹುದಾದ ತನ್ನದೇ ಮೀಸಲು ಆಸ್ತಿಯಾದ ಎಸ್‌ಡಿಆರ್ ಹಂಚಿತು, ಇಬ್ಬರಿಗೂ ಬಂತು, ಅದು ಗಳಿಕೆಯಲ್ಲ. 2024ರ ಅಕ್ಟೋಬರಿನಲ್ಲಿ ಮಾಲ್ದೀವ್ಸ್‌ಗೆ ಭಾರತದ ರಿಸರ್ವ್ ಬ್ಯಾಂಕಿನಿಂದ 40 ಕೋಟಿ ಡಾಲರ್ ಕರೆನ್ಸಿ ಸ್ವ್ಯಾಪ್ (ತನ್ನ ಹಣ ಕೊಟ್ಟು ಡಾಲರ್ ಪಡೆದು, ಆಮೇಲೆ ಮರಳಿಸುವ ಒಪ್ಪಂದ) ಸಿಕ್ಕಿತು, ಅದು ವಾಪಸು ಕೊಡಬೇಕಾದ ದುಡ್ಡು. ಅದಾದ ಮೇಲೆ ಗೆರೆ ಮೇಲೇರಿದರೆ ಅಲ್ಲಿ ಕೆಂಪು ಚುಕ್ಕೆ ಇಡಿ.

ಭೂತಾನ್ ಸರ್ಕಾರದ ಹೂಡಿಕೆ ಕಂಪನಿ ಡ್ರುಕ್ ಹೋಲ್ಡಿಂಗ್ ಬಳಿ ಬಿಟ್‌ಕಾಯಿನ್ ಇದೆಯಲ್ಲ, ಅದನ್ನು ಕೂಡಿಸೋಣವೇ ಎಂದು ಹಲವರು ಕೇಳುತ್ತಾರೆ. ಅದು ಮೀಸಲಿನ ಲೆಕ್ಕಕ್ಕೆ ಸೇರಿಲ್ಲ. ಬೇಕಿದ್ದರೆ ಹಾಳೆಯ ಕೆಳಗೆ ಬೇರೆ ಸಾಲಿನಲ್ಲಿ ಬರೆದಿಡಿ, ಪೆನ್ಸಿಲ್‌ನಲ್ಲಿ.