ಕೆಲಸ ಹೋಯಿತೇ? ಮೊದಲು ತಿಂಗಳು ಎಣಿಸಿ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮುಗಿಯಿತು ಅಂತ ಗೇಟ್ ಪಾಸ್ ವಾಪಸ್ ಇಸ್ಕೊಂಡರು. ಇಲ್ಲವೇ ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಆರ್ಡರ್ ಇಲ್ಲ, ಸದ್ಯ ಬರಬೇಡಿ ಅಂದರು. ಆಗ ಕೆಲವರು ಸಿಕ್ಕಿದ ಮೊದಲ ಕೆಲಸಕ್ಕೆ ಹೋಗಿ ಬೀಳುತ್ತಾರೆ. ಇನ್ನು ಕೆಲವರು ಏನೂ ಆಗಿಲ್ಲವೆಂಬಂತೆ ಹಳೆಯ ಹಾಗೇ ಖರ್ಚು ಮಾಡುತ್ತಾರೆ. ಎರಡೂ ಬೇಡ. ಖರ್ಚು ಇಳಿದಷ್ಟೂ ಒಳ್ಳೆಯ ಕೆಲಸ ಹುಡುಕಲು ಪುರಸೊತ್ತು ಸಿಗುತ್ತದೆ.

ಮೊದಲು ಮನೆಯಲ್ಲಿ ಹೇಳಿ

ಅದೂ ಅವತ್ತೇ. ಬುತ್ತಿ ಕಟ್ಟಿಸಿಕೊಂಡು ಹೊರಟು, ಸಂಜೆವರೆಗೆ ಸುಮ್ನೆ ಅಡ್ಡಾಡಿ ಬರುವವರಿದ್ದಾರೆ. ಆ ನಾಟಕಕ್ಕೂ ದುಡ್ಡು ಬೇಕು: ಪೆಟ್ರೋಲು, ಚಹಾ, ಮಧ್ಯೆ ಒಗ್ಗರಣೆ-ಮಿರ್ಚಿ. ಮನೆಯವರಿಗೆ ಗೊತ್ತಿದ್ದರೆ ಅರ್ಧ ಉಳಿತಾಯ ಅವರೇ ಮಾಡುತ್ತಾರೆ.

ಆಮೇಲೆ ಲೆಕ್ಕ

ಒಂದು ಹಾಳೆಯಲ್ಲಿ ಕೈಯಲ್ಲಿರುವ ದುಡ್ಡು ಬರೆಯಿರಿ. ಬ್ಯಾಂಕಿನದು, ಬರಬೇಕಾದ ಸಂಬಳ, ಎಲ್ಲ ಸೇರಿ 90,000 ರೂಪಾಯಿ ಅಂದುಕೊಳ್ಳಿ. ತಿಂಗಳ ಖರ್ಚು 22,500 ಇದ್ದರೆ ನಾಲ್ಕೇ ತಿಂಗಳು. ಅದನ್ನು 15,000ಕ್ಕೆ ಇಳಿಸಿದರೆ ಆರು ತಿಂಗಳು. ಹೀಗೆ ಹೆಚ್ಚಿಗೆ ಸಿಕ್ಕ ಎರಡು ತಿಂಗಳಲ್ಲೇ ಒಳ್ಳೆಯ ಕೆಲಸ ಸಿಗಬಹುದು, ಅಲ್ವಾ?

ಎಲ್ಲಿ ಇಳಿಸುವುದು? ದಿನದ ಚಹಾ ಬಿಟ್ಟರೆ ಹೆಚ್ಚೇನೂ ಉಳಿಯದು. ದೊಡ್ಡ ತೂತುಗಳು ಬೇರೆ ಕಡೆ ಇರುತ್ತವೆ: ಬೈಕಿನ ಕಂತು, ಮೊಬೈಲ್ ಕಂತು, ಸಂಘದ ವಾರದ ಕಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕಂತಿನ ಮೇಲೆ ಲಾರಿ ತಂದವರಿಗೆ ಬಿದ್ದ ಪೆಟ್ಟನ್ನು ಈ ಊರು ಮರೆತಿಲ್ಲ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡುತ್ತಾರಾ ಕೇಳಿ. ತಪ್ಪಿದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆ. ಒಂದು ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದಂತೂ ಬೇಡವೇ ಬೇಡ.

ನಮ್ಮ ಕಡೆ ಇನ್ನೊಂದು ಖರ್ಚಿದೆ, ಆಯೇರಿ, ಅಂದರೆ ಮದುವೆ-ಕಾರ್ಯಗಳಲ್ಲಿ ಬಂಧುಗಳಿಗೆ ಕೊಡುವ ಬಟ್ಟೆ-ಉಡುಗೊರೆ. ಮದುವೆ ಸೀಸನ್‌ನಲ್ಲಿ ಅದು ಹಣ್ಣು ಮಾಡಿಬಿಡುತ್ತದೆ. ಅಕ್ಕನ ಮನೆಯ ಕಾರ್ಯಕ್ಕೆ ಬಟ್ಟೆ ಒಯ್ಯದಿದ್ದರೆ ಹೇಗೆ ಅನ್ನಬಹುದು. ಮೊದಲೇ ಫೋನ್ ಮಾಡಿ, 'ಅಕ್ಕಾ, ಈ ಸಲ ಕೈ ಖಾಲಿ, ಬಂದು ಓಡಾಡಿ ಕೆಲಸ ಮಾಡ್ತೀನಿ' ಅನ್ನಿ. ಬೈದರೂ ಅವತ್ತೊಂದು ದಿನ. ಕೈಗಡ ತಂದು ಮಾಡಿದ ಆಯೇರಿ ವರ್ಷಗಟ್ಟಲೆ ಬೆನ್ನು ಬಿಡದು.

ಊಟದಲ್ಲಿ ಹೊಟ್ಟೆ ಕಟ್ಟಬೇಡಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮೊದಲಿಂದಲೂ ನಮ್ಮದೇ. ಪೇಟೆಗೆ ಹೋದ ದಿನ ಇಂದಿರಾ ಕ್ಯಾಂಟೀನ್ ಇದೆ. ಫೋನ್ ರೀಚಾರ್ಜ್, ಜೆರಾಕ್ಸ್, ಸಂದರ್ಶನಕ್ಕೆ ಹೋಗುವ ಚಾರ್ಜ್, ಇವಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಕಾಗದಪತ್ರ

ಅನುಭವ ಪತ್ರ, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕೇಳಿ ಪಡೆಯಿರಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ನೋಡಿ. ಹಾಕಿರದಿದ್ದರೆ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಅದಕ್ಕೆ ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಚಾಲ್ತಿಯಲ್ಲಿರಬೇಕು. ತೀರಾ ಅಗತ್ಯವಿಲ್ಲದೆ ಪಿಎಫ್ ತೆಗೆಯಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಪಿಂಚಣಿ ಭಾಗದ ಹಣ ತೆಗೆದರೆ ಅಲ್ಲಿಯವರೆಗಿನ ಎಣಿಕೆ ಹೋಗುತ್ತದೆ. ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟುತ್ತಿದ್ದವರು ಅದರ ಶಾಖಾ ಕಚೇರಿಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಈಗಲೂ ಚಾಲ್ತಿಯಲ್ಲಿದೆಯೇ ಅಂತ ವಿಚಾರಿಸಿ. ಕೆಲಸ ಕಳೆದುಕೊಂಡ ಅರ್ಹರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು, ಗರಿಷ್ಠ 90 ದಿನ ಕೊಡುವ ಯೋಜನೆ ಅದು. ಸರ್ಕಾರಿ ಕೆಲಸದ ಆಸೆ ಇದ್ದರೆ ಈ ಬಿಡುವಿನಲ್ಲೇ 371ಜೆ ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಪತ್ರ, ಮಾಡಿಸಿ ಇಟ್ಟುಕೊಳ್ಳಿ.

ಹುಡುಕಾಟ

ಬಳ್ಳಾರಿಯಿಂದ ಹೊರಟ ರೈಲು ಹಳಿಯ ಮೇಲೇ ತೋರಣಗಲ್ಲು, ಹೊಸಪೇಟೆ, ಗಿಣಿಗೇರಾ, ಕೊಪ್ಪಳ ಇವೆ. ಕಾರ್ಖಾನೆ ಕೆಲಸ ಬಲ್ಲವರಿಗೆ ಹುಡುಕುವ ದಾರಿ ಇದೇ. ಪ್ಯಾಸೆಂಜರ್ ರೈಲಿನಲ್ಲಿ ಹೋದರೆ ಬೈಕಿನ ಪೆಟ್ರೋಲ್ ಉಳಿಯುತ್ತದೆ, ಶಿಫ್ಟ್ ಮುಗಿಸಿ ಬರುವವರ ಬಾಯಲ್ಲಿ ಎಲ್ಲಿ ಜನ ಬೇಕಾಗಿದ್ದಾರೆ ಅನ್ನುವುದೂ ಕಿವಿಗೆ ಬೀಳುತ್ತದೆ. ಹಳೆಯ ಸೂಪರ್‌ವೈಸರ್‌ಗೆ ನಾಚಿಕೆ ಬಿಟ್ಟು ಫೋನ್ ಮಾಡಿ. 'ಸರ್, ಕೆಲಸ ಇದ್ರೆ ಹೇಳಿ' ಅಂದರೆ ಸಾಲದು. 'ಫಿಟ್ಟರ್ ಕೆಲಸ, ಆರು ವರ್ಷ ಮಾಡೀನಿ, ರಾತ್ರಿ ಪಾಳಿಗೂ ಬರ್ತೀನಿ' ಅನ್ನಿ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಉದ್ಯೋಗ ಮೇಳದ ದಿನಾಂಕ ಕೇಳಿಕೊಂಡು ಬನ್ನಿ.

ಪ್ಲಾಂಟ್‌ನಲ್ಲಿ ಪರ್ಮನೆಂಟ್ ಮಾಡಿಸ್ತೀನಿ, ಮೊದಲು ಐವತ್ತು ಸಾವಿರ ಕೊಡಿ ಅನ್ನುವವನಿಗೆ ಕೈಮುಗಿದು ಎದ್ದು ಬನ್ನಿ. ಆ ಐವತ್ತು ಸಾವಿರ ಅಂದರೆ, ಇಳಿಸಿದ ಲೆಕ್ಕದಲ್ಲಿ, ನಿಮ್ಮ ಮೂರು ತಿಂಗಳಿಗೂ ಹೆಚ್ಚಿನ ಮನೆ ಖರ್ಚು.

ಕೆಲಸ ಕೊಡ್ತೀವಿ ಅಂದಾಗಲೂ ಸಂಬಳ ಒಂದನ್ನೇ ಕೇಳಬೇಡಿ. ಕಂಟ್ರಾಕ್ಟರ್ ಯಾರು, ಪಿಎಫ್-ಇಎಸ್‌ಐ ಕಟ್ಟುತ್ತಾರಾ, ಓಟಿ ಲೆಕ್ಕ ಹೇಗೆ, ಬಸ್ ಬಿಡುತ್ತಾರಾ ಕೇಳಿ. ಸಂಬಳ ಮೊದಲಿಗಿಂತ ಎರಡು ಸಾವಿರ ಕಡಿಮೆ ಇದ್ದರೂ ಇವೆಲ್ಲ ಸರಿ ಇದ್ದರೆ ಹೋಗಬಹುದು ಅನ್ನುವುದು ನನ್ನ ಲೆಕ್ಕ. ಹಾಳೆಯಲ್ಲಿ ಇನ್ನೂ ಎಷ್ಟು ತಿಂಗಳು ಉಳಿದಿವೆ ನೋಡಿಕೊಂಡು ಹ್ಞೂಂ ಅನ್ನಿ.