ತಪ್ಪು ಮಾಡಿದ ಮೇಲೆ ದೇವರ ಕರುಣೆಯನ್ನು ಬೇಡುವ ಬಗೆ

ತಪ್ಪು ನಡೆದುಹೋದಾಗ ಅನೇಕ ವಿಶ್ವಾಸಿಗಳು ಪ್ರಾರ್ಥನೆಯನ್ನೇ ಮುಂದೂಡುತ್ತಾರೆ. ಕೆಲವು ದಿನ ಸರಿಯಾಗಿ ನಡೆದುಕೊಂಡು, ಮುಖ ತೋರಿಸುವ ಯೋಗ್ಯತೆ ಬಂದ ಮೇಲೆ ದೇವರ ಮುಂದೆ ನಿಲ್ಲೋಣ ಎಂಬುದು ಅವರ ಲೆಕ್ಕಾಚಾರ. ಸುವಾರ್ತೆ ತೋರಿಸುವ ದಾರಿ ಬೇರೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಆಸ್ತಿಯನ್ನೆಲ್ಲ ಹಾಳುಮಾಡಿದ ಮಗನು ಹಂದಿ ಮೇಯಿಸುತ್ತಿದ್ದ ಸ್ಥಿತಿಯಲ್ಲೇ ಎದ್ದು ಹೊರಡುತ್ತಾನೆ, ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಆದುದರಿಂದ ಇರುವ ಸ್ಥಿತಿಯಲ್ಲೇ, ಇಂದೇ ಆರಂಭಿಸಿ.

ಆರಂಭವೆಂದರೆ ಮಾಡಿದ್ದನ್ನು ಇದ್ದಂತೆ ಹೇಳುವುದು. ನನ್ನ ಎಣಿಕೆಯಲ್ಲಿ ಇದೇ ಅತ್ಯಂತ ಕಠಿಣವಾದ ಭಾಗ. ಬತ್ಷೆಬೆಯ ವಿಷಯದಲ್ಲಿ ತಪ್ಪಿ, ಅವಳ ಗಂಡ ಊರೀಯನನ್ನು ಯುದ್ಧದ ನೆಪದಲ್ಲಿ ಕೊಲ್ಲಿಸಿದ ಅರಸ ದಾವೀದನು, ಪ್ರವಾದಿಯಾದ ನಾತಾನನು ಎದುರು ನಿಂತಾಗ ಯಾವ ಸಮಜಾಯಿಷಿಯನ್ನೂ ಕೊಡದೆ ತಾನು ಕರ್ತನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆಂದು ಒಪ್ಪಿಕೊಂಡನು. ‘ನನ್ನಿಂದ ಏನಾದರೂ ತಪ್ಪಾಗಿದ್ದರೆ’ ಎಂದು ಶುರುವಾಗುವ ಪ್ರಾರ್ಥನೆ ಇನ್ನೂ ಅಡಗಿಕೊಳ್ಳುವ ಪ್ರಾರ್ಥನೆಯೇ. ‘ಕೋಪದಲ್ಲಿ ಏನೋ ಅಂದುಬಿಟ್ಟೆ’ ಎನ್ನುವ ಬದಲು, ‘ಅವನ ಮರ್ಯಾದೆ ಕೆಡಿಸಬೇಕೆಂದೇ ಸುಳ್ಳು ಹೇಳಿದೆ’ ಎನ್ನಿ. ಮಾತು ತೋಚದಿದ್ದರೆ, ಆ ಪಾಪಕ್ಕಾಗಿ ದಾವೀದನು ಮಾಡಿದ ಪ್ರಾರ್ಥನೆಯೆನ್ನಲಾಗುವ 51ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ. ಅಷ್ಟೂ ಸಾಧ್ಯವಾಗದಿದ್ದರೆ ಲೂಕ 18ರ ಸುಂಕದವನಂತೆ, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಬೇಡಿಕೊಳ್ಳಿ.

ಸಿಕ್ಕಿಬಿದ್ದ ನಾಚಿಕೆಯೇ ಪಶ್ಚಾತ್ತಾಪವಲ್ಲ ಎಂಬುದನ್ನೂ ಪರೀಕ್ಷಿಸಿಕೊಳ್ಳಬೇಕು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪಶ್ಚಾತ್ತಾಪಕ್ಕೆ ನಡೆಸುವ, ದೇವರ ಚಿತ್ತಕ್ಕೆ ತಕ್ಕ ದುಃಖವನ್ನೂ ಮರಣಕ್ಕೆ ನಡೆಸುವ ಲೋಕದ ದುಃಖವನ್ನೂ ಬೇರ್ಪಡಿಸುತ್ತಾನೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನು, ಅದಕ್ಕಾಗಿ ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದನು, ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಒಪ್ಪಿಯೂ ಒಪ್ಪಿದನು. ಆದರೆ ಅದನ್ನು ಹೇಳಿಕೊಂಡದ್ದು ‘ಅದು ನಮಗೇನು’ ಎಂದು ಕೈಕೊಡವಿದ ಮಹಾಯಾಜಕರ ಬಳಿ, ಅಲ್ಲಿಂದ ಅವನು ಹತಾಶೆಗೆ ಬಿದ್ದನು. ಯೇಸುವನ್ನು ಅರಿಯೆನೆಂದು ಮೂರು ಸಾರಿ ಅಲ್ಲಗಳೆದ ಶಿಷ್ಯ ಪೇತ್ರನೂ ಬಹಳವಾಗಿ ಅತ್ತನು, ಆದರೆ ಶಿಷ್ಯರ ಕೂಟವನ್ನು ಬಿಟ್ಟುಹೋಗಲಿಲ್ಲ. ದುಃಖವು ನಿಮ್ಮನ್ನು ಕ್ರಿಸ್ತನಿಂದ ದೂರಕ್ಕೆ ತಳ್ಳುತ್ತಿದ್ದರೆ ಒಂಟಿಯಾಗಿ ಉಳಿಯದೆ, ನಂಬಿಕೆಯುಳ್ಳ ಒಬ್ಬರ ಬಳಿ ಕೂಡಲೇ ಮಾತನಾಡಿ.

ಮುಂದಿನ ಕ್ರಮ ನೀವು ಸೇರಿದ ಸಭೆಯ ಪ್ರಕಾರ ಬದಲಾಗುತ್ತದೆ. ಕಥೋಲಿಕರು ಆತ್ಮಶೋಧನೆ ಮಾಡಿಕೊಂಡು ಗುರುಗಳ ಬಳಿ ಪಾಪನಿವೇದನೆಗೆ ಹೋಗುತ್ತಾರೆ. ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬ ಕಟ್ಟಳೆ 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯಷ್ಟು ಹಳೆಯದು, ಕೇಳಿಸಿಕೊಂಡದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಮರೆತದ್ದನ್ನು ನೆನಪಾದಾಗ ಮುಂದಿನ ಸಲ ಹೇಳಬಹುದು, ಬೇಕೆಂದೇ ಮುಚ್ಚಿಟ್ಟರೆ ಮಾತ್ರ ನಿವೇದನೆ ನಿಷ್ಫಲ. ಪ್ರೊಟೆಸ್ಟೆಂಟರು ಪಾಪಗಳನ್ನು ಅರಿಕೆ ಮಾಡಿದರೆ ದೇವರು ಕ್ಷಮಿಸುವನೆಂಬ, ಯೋಹಾನನ ಮೊದಲನೆಯ ಪತ್ರಿಕೆಯ 1:9ರ ವಾಗ್ದಾನವನ್ನು ಹಿಡಿದು ನೇರವಾಗಿ ದೇವರಿಗೆ ಅರಿಕೆ ಮಾಡುತ್ತಾರೆ. ಆದರೂ ಲೂಥರನ್ ಸಭೆಗಳ ನಂಬಿಕೆಯ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವು ಖಾಸಗಿ ಪಾಪನಿವೇದನೆಯನ್ನು ಕೈಬಿಡಲಿಲ್ಲ. ಸಭಾಪಾಲಕರ ಮುಂದೆ ಬಾಯಿಬಿಟ್ಟು ಹೇಳಿ, ಕ್ಷಮೆಯ ವಾಕ್ಯವನ್ನು ಕಿವಿಯಾರೆ ಕೇಳುವುದು ಅನೇಕರಿಗೆ ಈಗಲೂ ಆಸರೆಯಾಗಿದೆ.

ಮನುಷ್ಯರಿಗೆ ಮಾಡಿದ ನಷ್ಟವನ್ನು ತುಂಬಿಕೊಡುವ ಕೆಲಸ ಇಷ್ಟರಿಂದ ತೀರುವುದಿಲ್ಲ. ಮತ್ತಾಯನ 5ನೆಯ ಅಧ್ಯಾಯ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಮಾಡಿಕೊಳ್ಳಲು ಹೇಳುತ್ತದೆ. ಲೂಕ 19ರಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡಲು ಮುಂದಾದನು. ಇದು ಕರುಣೆಗೆ ತೆರುವ ಬೆಲೆಯಲ್ಲ, ಏಕೆಂದರೆ ಜಕ್ಕಾಯನು ಆ ಮಾತನ್ನಾಡುವ ಮೊದಲೇ ಯೇಸು ಅವನ ಮನೆಗೆ ಬರುತ್ತೇನೆಂದಿದ್ದನು. ಹಣವಾದರೆ ಹಿಂದಿರುಗಿಸಿ, ಸುಳ್ಳಾದರೆ ಅದನ್ನು ಕೇಳಿದವರ ಮುಂದೆಯೇ ಹಿಂತೆಗೆದುಕೊಳ್ಳಿ, ಅಪರಾಧವಾದರೆ ಕಾನೂನಿನ ಹೊಣೆಯನ್ನು ಹೊರಿ. ನೊಂದವರು ನಿಮ್ಮನ್ನು ನೋಡಲು ಬಯಸದಿದ್ದರೆ ಕ್ಷಮೆಗಾಗಿ ಅವರ ಬೆನ್ನು ಹತ್ತಬೇಡಿ, ಕ್ಷಮಿಸುವುದು ನಿಮ್ಮ ಧರ್ಮವೆಂದು ಅವರಿಗೆ ವಾಕ್ಯವನ್ನು ಬೋಧಿಸಲೂಬೇಡಿ.

ಅದೇ ತಪ್ಪು ಮರುಕಳಿಸುತ್ತಿದ್ದರೆ ಅದಕ್ಕೆ ಎಡೆಮಾಡಿಕೊಡುವ ಸಮಯ, ಜಾಗ, ಸಹವಾಸಗಳನ್ನು ಗುರುತಿಸಿ ದೂರವಿಡಬೇಕು, ಬಿದ್ದ ಪ್ರತಿ ಸಲವೂ ತಡಮಾಡದೆ ಅರಿಕೆ ಮಾಡಬೇಕು. ಇದಕ್ಕೆ ವಿರುದ್ಧವಾಗಿ, ಒಮ್ಮೆ ನಿವೇದಿಸಿದ ಹಳೆಯ ಪಾಪವನ್ನೇ ಸಂಶಯದಿಂದ ಮತ್ತೆ ಮತ್ತೆ ಕೆದಕುವವರು ಒಬ್ಬರೇ ಗುರುಗಳ ಅಥವಾ ಸಭಾಪಾಲಕರ ಮಾರ್ಗದರ್ಶನಕ್ಕೆ ಒಳಪಟ್ಟು, ಸಾಕು ಎಂದು ಅವರು ಹೇಳಿದಲ್ಲಿ ನಿಲ್ಲಿಸಬೇಕು.